ಇಪ್ಪತ್ತೇಳನೇ ಕಂಬದ ಹಲಗೆ

"ಮುಟ್ಟಬೇಡಿ!" ಎಂದರು ಇನ್ಸ್‌ಪೆಕ್ಟರಮ್ಮ.

ಗೈಡ್ ಚಾಚಿದ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಬರೀ ಕಂಬ ಅಲ್ವಾ ಅಮ್ಮಾ! ಹಾವೇನಾದ್ರೂ ಕಂಡಿತೇನೋ ಅಂತ ನನ್ನ ಜೀವ ಬಾಯಿಗೆ ಬಂತು."

ಹಾವೂ ಇರಲಿಲ್ಲ, ಚೇಳೂ ಇರಲಿಲ್ಲ. ಕಾಲುದಾರಿಯ ಬದಿಯಲ್ಲಿ ಎದೆಮಟ್ಟದ ಒಂದು ಮರದ ಕಂಬ ಇತ್ತು. ಬಿಳಿ ಬಣ್ಣದಲ್ಲಿ ಇಪ್ಪತ್ತೇಳು ಎಂದು ಬರೆದಿತ್ತು. ಈ ಕಾಯ್ದಿಟ್ಟ ಕಾಡಿನಲ್ಲಿ ನೂರು ಹೆಜ್ಜೆಗೊಂದು ಇಂಥ ಕಂಬ, ಪ್ರತಿ ಕಂಬಕ್ಕೂ ದಾರಿ ತೋರಿಸುವ ಎರಡು ಹಳದಿ ಹಲಗೆ. ಇದೊಂದಕ್ಕೆ ಮಾತ್ರ ಎರಡೂ ಇರಲಿಲ್ಲ.

ಆ ಹಲಗೆಗಳು ಈಗ ಆಸ್ಪತ್ರೆಯಲ್ಲಿ, ಇನ್ಸ್‌ಪೆಕ್ಟರಮ್ಮನ ತಮ್ಮನ ಮಂಚದ ಕೆಳಗಿವೆ. ಕೊರಕಲಿಗೆ ಬಿದ್ದು ಎಡಗಾಲು ಮುರಿದುಕೊಂಡವನನ್ನು ಯಾರೋ ಒಬ್ಬರು ಎರಡು ದಿನ ಕಾದು ಬದುಕಿಸಿ, ಹುಡುಕುವವರು ಬರುತ್ತಿದ್ದಂತೆ ಮಾಯವಾಗಿದ್ದರು. ಆ ಒಬ್ಬರು ಯಾರು ಎಂದು ತಿಳಿಯುವುದೇ ಈಗ ಅಕ್ಕನಿಗೆ ಉಳಿದಿದ್ದ ಕೆಲಸ.

"ಮುಖ ನೋಡಲಿಲ್ಲ ಅಕ್ಕ," ಎಂದಿದ್ದ ತಮ್ಮ. "ಕನ್ನಡಕ ಒಡೆದುಹೋಗಿತ್ತು. ಮೈ ಸುಡ್ತಿತ್ತು. ಬಾಯಿಗೆ ನೀರು ಬಿಡ್ತಿದ್ದ ಕೈ ಮಾತ್ರ ನೆನಪಿದೆ. ಅವರನ್ನ ಹುಡುಕಿಕೊಡು."

ಅವನು ಕೇಳದೇ ಹೋಗಿದ್ದರೂ ಇನ್ಸ್‌ಪೆಕ್ಟರಮ್ಮ ಹುಡುಕಿಯೇ ತೀರುತ್ತಿದ್ದರು. ಮೂವತ್ತನಾಲ್ಕು ವರ್ಷ ಪೊಲೀಸ್ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಅಷ್ಟು ವರ್ಷವೂ ಜನರನ್ನು ಹುಡುಕಿದ್ದು ಒಳಗೆ ಹಾಕುವುದಕ್ಕೆ. ಥ್ಯಾಂಕ್ಸ್ ಹೇಳುವುದಕ್ಕೆಂದು ಒಬ್ಬರ ಬೆನ್ನು ಹತ್ತಿದ್ದು ಇದೇ ಮೊದಲು.

ಅವರು ಮೊಣಕಾಲೂರಿ ಕುಳಿತು ಕನ್ನಡಕ ಏರಿಸಿಕೊಂಡರು. ಹಲಗೆ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂಗಳು ಸಾಲಾಗಿ ಕಂಬಕ್ಕೇ ಕೂತಿದ್ದವು.

"ನೋಡಿ ಇಲ್ಲಿ," ಎಂದರು. "ಒಬ್ಬ ಮನುಷ್ಯ ಕೆಳಗೆ ಕಾಲು ಮುರಿದು ನರಳ್ತಿದ್ದಾನೆ. ಕಟ್ಟೋಕೆ ಹಲಗೆ ಬೇಕು. ನೀವಾಗಿದ್ರೆ ಏನು ಮಾಡ್ತಿದ್ರಿ?"

"ಕಿತ್ತು ಎಳೀತಿದ್ದೆ. ಬರದಿದ್ರೆ ಒದೀತಿದ್ದೆ."

"ನಾನೂ ಅಷ್ಟೆ. ಇವರು ಸ್ಕ್ರೂ ಬಿಚ್ಚಿ ಹಲಗೆ ತಗೊಂಡಿದ್ದಾರೆ. ಆಮೇಲೆ ಸ್ಕ್ರೂ ಕಳೆದುಹೋಗಬಾರದು ಅಂತ ಅದರದರ ತೂತಿಗೇ ವಾಪಸ್ ತಿರುಗಿಸಿ ಇಟ್ಟಿದ್ದಾರೆ."

ಗೈಡ್ ಬಾಯಿ ತೆರೆದಳು, ಮುಚ್ಚಿದಳು. ಅದು ಅಪರೂಪ. ನಲವತ್ತರ ಆಸುಪಾಸಿನ ಈ ಹೆಂಗಸಿಗೆ ಇಲ್ಲಿಯವರು ಮಾತಿನಮಲ್ಲಿ ಎಂದೇ ಹೆಸರಿಟ್ಟಿದ್ದರು. ಗೇಟಿನಲ್ಲಿ ಬೂಟಿನ ಮಣ್ಣು ತಿಕ್ಕಿಸಿ, ಔಷಧಿ ನೀರಿನ ತೊಟ್ಟಿಯಲ್ಲಿ ಕಾಲದ್ದಿಸಿ ಒಳಗೆ ಬಿಟ್ಟಾಗಿನಿಂದ ಅವಳ ಬಾಯಿಗೆ ಬಿಡುವಿರಲಿಲ್ಲ. ಹೊರಗಿನ ಮಣ್ಣಲ್ಲಿ ರೋಗ ಬಂದರೆ ಕಪ್ಪೆಗಳು ಸಾಯುತ್ತವೆ, ಹಣ್ಣು ತಿಂದು ಸಿಪ್ಪೆ ಎಸೆಯಬೇಡಿ, ಎಲೆ ಕೀಳಬೇಡಿ, ಜಿಗಣೆ ಹತ್ತಿದರೆ ಕಿರುಚಬೇಡಿ.

ಇನ್ಸ್‌ಪೆಕ್ಟರಮ್ಮ ಉಗುರಿನಿಂದಲೇ ಒಂದು ಸ್ಕ್ರೂ ತಿರುಗಿಸಿದರು. ಸಲೀಸಾಗಿ ಬಂತು. ಅದರ ಸುರುಳಿಯಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಮೂಸಿದರು.

"ಬಟ್ಟೆ ಸೋಪು."

"ಸ್ಕ್ರೂಗೆ ಯಾಕಮ್ಮಾ ಸೋಪು?"

"ಸಲೀಸಾಗಿ ಇಳೀಲಿ, ಮರ ಸೀಳದೇ ಇರ್ಲಿ ಅಂತ. ದಿನಾ ಇದೇ ಕೆಲಸ ಮಾಡೋರಿಗೆ ಮಾತ್ರ ಇರೋ ಅಭ್ಯಾಸ." ಸ್ಕ್ರೂವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟರು.

ಎದ್ದು ನಿಲ್ಲುವಾಗ ಮಂಡಿ ಹಿಡಿದುಕೊಂಡಿತು. ಪಕ್ಕದ ಮರಕ್ಕೆ ಕೈಕೊಟ್ಟರು. ಅದರ ಬೇರು ಗೋಡೆಯ ಹಾಗೆ ತಲೆಯೆತ್ತರಕ್ಕೆ ಎದ್ದಿತ್ತು. ಮೇಲೆ ನೋಡಿದರೆ ಕಾಂಡದ ಕೊನೆಯೇ ಕಾಣಲಿಲ್ಲ. ಎಲ್ಲೋ ಎತ್ತರದಲ್ಲಿ ಎಲೆಗಳು ಒಂದಕ್ಕೊಂದು ಕೂಡಿಕೊಂಡು ಆಕಾಶವನ್ನೇ ಮುಚ್ಚಿದ್ದವು. ಮಳೆ ನಿಂತು ಗಂಟೆಯಾಗಿದ್ದರೂ ಹನಿಗಳು ಎಲೆಯಿಂದ ಎಲೆಗೆ ಇಳಿಯುತ್ತ ಈಗ ನೆಲ ಮುಟ್ಟುತ್ತಿದ್ದವು.

ಈ ನೀರನ್ನೇ ಯಾರೋ ಎಲೆಯಲ್ಲಿ ಹಿಡಿದು ತಮ್ಮನ ಬಾಯಿಗೆ ಬಿಟ್ಟಿದ್ದರು.

ಇಪ್ಪತ್ತು ವರ್ಷದಿಂದ ಅವನು ಕರೆಯುತ್ತಿದ್ದ. "ಒಂದ್ಸಲ ಬಾ ಅಕ್ಕ, ನನ್ನ ಕಾಡು ನೋಡು." ಮಳೆಗಾಲ ಬಂತೆಂದರೆ ಇಲ್ಲಿಗೆ ಓಡಿಬರುತ್ತಿದ್ದ. ಒಳಗಾಡಿನಲ್ಲಿ ಕಪ್ಪೆಗಳನ್ನು ಎಣಿಸುವುದು ಅವನ ಕೆಲಸ. ಊರಲ್ಲಿ ಎಲ್ಲರಿಗೂ ಅವನು ಕಪ್ಪೆ ಮೇಷ್ಟ್ರು. ಅಕ್ಕನಿಗೆ ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಬಂದೋಬಸ್ತು, ಒಮ್ಮೆ ಸುಮ್ಮನೆ ಸೋಮಾರಿತನ. ಕೊನೆಗೆ ಬಂದದ್ದು ಅವನ ಕಾಲು ಮುರಿದ ಮೇಲೆ.

ಯಾರೂ ನೋಡುತ್ತಿಲ್ಲವೆಂದುಕೊಂಡು ಅವರು ಆ ಬೇರಿಗೆ ಹಣೆ ಹಚ್ಚಿದರು. ತಣ್ಣಗಿತ್ತು.

ಮಾತಿನಮಲ್ಲಿ ನೋಡಿಬಿಟ್ಟಿದ್ದಳು. ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಹಿಂದಿರುಗುವ ದಾರಿಯಲ್ಲಿ ಇನ್ಸ್‌ಪೆಕ್ಟರಮ್ಮ ಲೆಕ್ಕ ಹಾಕಿದರು. ಆ ದಿನಗಳಲ್ಲಿ ಒಳಗಾಡಿಗೆ ಹೋಗಲು ಅನುಮತಿ ಇದ್ದವರು ತಮ್ಮನನ್ನು ಬಿಟ್ಟು ಇಬ್ಬರೇ. ಹಗ್ಗ ಕಟ್ಟಿ ಮರ ಹತ್ತಿ ಬೀಜ ಕೀಳುವವನು ಒಬ್ಬ. ಅವನು ಜ್ವರ ಬಂದು ತಂಗಿಯ ಮನೆಯಲ್ಲಿ ಮಲಗಿದ್ದ, ಇಡೀ ಓಣಿಯೇ ಸಾಕ್ಷಿ. ಇನ್ನೊಬ್ಬ ಕಾವಲುಗಾರ. ಅವನು ನಿನ್ನೆ ತಾನಾಗಿಯೇ ಮುಂದೆ ಬಂದು, "ನಾನೇ ಉಳಿಸಿದ್ದು," ಎಂದು ಎದೆಯುಬ್ಬಿಸಿ ನಿಂತಿದ್ದ. ಪತ್ರಿಕೆಯವರು ಫೋಟೋ ತೆಗೆಯುತ್ತಾರೆಂದು ರೇಂಜರ್ ಸಾಹೇಬರು ಹೇಳಿದ ಅರ್ಧ ಗಂಟೆಗೆ.

"ಯಾವ ಕಾಲಪ್ಪಾ ಮುರಿದಿದ್ದು?" ಎಂದು ಕೇಳಿದ್ದರು ಇನ್ಸ್‌ಪೆಕ್ಟರಮ್ಮ.

"ಬಲಗಾಲು."

"ಹೋಗು, ಮೊದಲು ಅಂಗಿ ಗುಂಡಿ ಸರಿಯಾಗಿ ಹಾಕ್ಕೊಂಡು ಬಾ. ಫೋಟೋ ಚೆನ್ನಾಗಿ ಬರುತ್ತೆ."

ಅವನು ಅಲ್ಲಿಂದ ಕಂಬಿ ಕಿತ್ತಿದ್ದ.

ಇಬ್ಬರೂ ಅಲ್ಲ. ಹಾಗಾದರೆ ಪಟ್ಟಿಯಲ್ಲಿ ಇಲ್ಲದವರು.

"ಈ ಕಂಬ, ಕಾಲುಸಂಕ, ಮೆಟ್ಟಿಲು ಇದನ್ನೆಲ್ಲ ಯಾರು ಮಾಡೋದು?" ಎಂದು ಕೇಳಿದರು.

"ನಮ್ಮ ಬಡಗಿಯಣ್ಣ ಅಮ್ಮಾ. ಬಂಗಾರದಂಥ ಮನುಷ್ಯ, ಆದ್ರೆ ನಾಲಿಗೆ ಮನೇಲೇ ಬಿಟ್ಟುಬರ್ತಾರೆ. ವರ್ಷಕ್ಕೆ ಮೂರು ಮಾತು ಆಡಿದ್ರೆ ಹೆಚ್ಚು. ಆದ್ರೆ ಅವರಲ್ಲ ಬಿಡಿ. ಆ ಎರಡು ದಿನ ಕೆಲಸಕ್ಕೇ ಬಂದಿರ್ಲಿಲ್ಲ. ರಿಜಿಸ್ಟರ್‌ನಲ್ಲಿ ರಜೆ ಅಂತಿದೆ."

"ರಜೆ ಅಂತ ಅವರು ಹೇಳಿದ್ರಾ, ನೀವು ಬರ್ಕೊಂಡ್ರಾ?"

ಮಾತಿನಮಲ್ಲಿ ನಡಿಗೆ ನಿಲ್ಲಿಸಿದಳು. "ಬರಲಿಲ್ಲ, ಅದಕ್ಕೇ ಬರ್ಕೊಂಡ್ರು. ಅವರನ್ನ ಯಾರೂ ಕೇಳಲಿಲ್ಲ."

*

ಬಡಗಿಯ ಶೆಡ್ಡು ಟಿಕೆಟ್ ಕಚೇರಿಯ ಹಿಂದೆ, ಕಾಡಿನ ಅಂಚಿಗೇ ತಾಗಿಕೊಂಡಿತ್ತು. ಒಂದೇ ಬಾಗಿಲು. ಒಂದು ಕಿಟಕಿ, ಅದಕ್ಕೆ ತಂತಿಬಲೆ. ಗೋಡೆಯಲ್ಲಿ ಉಳಿಗಳು ಎತ್ತರದ ಪ್ರಕಾರ ತೂಗುಹಾಕಿದ್ದವು. ಪ್ರತಿ ಉಳಿಯ ಹಿಂದೆ ಗೋಡೆಯ ಮೇಲೆ ಅದರದೇ ಆಕಾರ ಬರೆದಿತ್ತು, ಎಲ್ಲಿಯದು ಅಲ್ಲಿಗೇ ಸೇರಲೆಂದು.

ಐವತ್ತು ದಾಟಿದ, ತೆಳ್ಳಗಿನ ಮನುಷ್ಯ ಮೆಟ್ಟಿಲಿನ ಕೈಹಿಡಿಗೆ ಉಜ್ಜುಗೊರಡು ಹಾಕಿ ನಯ ಮಾಡುತ್ತಿದ್ದ. ಇನ್ಸ್‌ಪೆಕ್ಟರಮ್ಮ ಒಬ್ಬರೇ ಒಳಗೆ ಬಂದು ಬಾಗಿಲು ಮುಂದೆ ಮಾಡಿದ್ದನ್ನು ಕಂಡೂ ಕೈ ನಿಲ್ಲಿಸಲಿಲ್ಲ.

ಮೇಜಿನ ಮೂಲೆಯಲ್ಲಿ, ಸ್ಕ್ರೂ ತುಂಬಿದ ಬಟ್ಟಲಿನ ಪಕ್ಕ, ಸವೆದ ಒಂದು ತುಂಡು ಸೋಪು ಇತ್ತು.

ಠಾಣೆಯಲ್ಲಾಗಿದ್ದರೆ ಅವರು ಕುರ್ಚಿ ಎಳೆದು ಎದುರು ಕೂರುತ್ತಿದ್ದರು, ಎರಡು ನಿಮಿಷ ಮಾತಾಡದೆ ಬಿಡುತ್ತಿದ್ದರು. ಇಲ್ಲಿ ಕರವಸ್ತ್ರ ಬಿಚ್ಚಿ ಸ್ಕ್ರೂವನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಜೋಡಿಸಿದರು.

"ನಾನು ಕಪ್ಪೆ ಮೇಷ್ಟ್ರ ಅಕ್ಕ. ನಿಮಗೆ ಕೈ ಮುಗಿಯೋಕೆ ಬಂದೆ."

ಉಜ್ಜುಗೊರಡು ನಿಂತಿತು.

"ನೀವು ತಪ್ಪು ತಿಳ್ಕೊಂಡಿದ್ದೀರಿ," ಎಂದ ಬಡಗಿ. ಕಣ್ಣು ಮಾತ್ರ ಸ್ಕ್ರೂ ಮೇಲೇ ಇತ್ತು.

"ಹಲಗೆ ಬಿಚ್ಚಿದ್ದು ನೀವಲ್ಲ?"

ಅವನು ಉಜ್ಜುಗೊರಡನ್ನು ಪಕ್ಕಕ್ಕಿಟ್ಟ.

"ಕಾಲಿಗೆ ಚುಚ್ಚಬಾರದು ಅಂತ ಹಲಗೆಯ ಅಂಚನ್ನೆಲ್ಲ ಉಳಿಯಲ್ಲಿ ಕೆರೆದು ನಯ ಮಾಡಿದ್ದೀರಿ. ಅಷ್ಟು ಆತುರದಲ್ಲೂ. ಮೂಳೆ ಡಾಕ್ಟರು ಅದನ್ನ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. 'ಇದನ್ನ ಕಟ್ಟಿದೋರು ಸಿಕ್ಕಿದ್ರೆ ಹೇಳಿ, ಕಾಲು ಉಳಿದಿದ್ದು ಅವರಿಂದ, ನನ್ನಿಂದಲ್ಲ' ಅಂದ್ರು. ಅದನ್ನ ಹೇಳೋಕೂ ಬಂದಿದೀನಿ."

ಬಡಗಿ ತಲೆ ತಗ್ಗಿಸಿದ. ಅಂಗೈಯಿಂದ ಮರದ ಸುರುಳಿಗಳನ್ನು ಒಂದು ಕಡೆ ಗುಡ್ಡೆ ಮಾಡಿದ, ಮತ್ತೆ ಹರಡಿದ.

"ಕಾಲು ಉಳೀತಾ?" ಎಂದ ಕೊನೆಗೆ.

"ಉಳೀತು. ಮೂರು ತಿಂಗಳಲ್ಲಿ ನಡೀತಾನಂತೆ."

"ಸದ್ಯ." ಅಷ್ಟು ಹೇಳಿ ಅವನು ಮುಖ ಅತ್ತ ತಿರುಗಿಸಿದ.

ಇನ್ಸ್‌ಪೆಕ್ಟರಮ್ಮ ಅವನ ಮುಂದೆ ಬಂದರು. ಕಾಲು ಹಿಡಿಯಲು ಬಗ್ಗಿದವರನ್ನು ಅವನು ಗಾಬರಿಯಿಂದ ತಡೆದ. "ಅಯ್ಯೋ, ಬೇಡ ಅಮ್ಮಾ, ಬೇಡ! ದೊಡ್ಡೋರು ನೀವು."

ಆಮೇಲೆ ಅವನು ಮಾತಾಡಿದ. ಮಾತಿನಮಲ್ಲಿ ಕೇಳಿದ್ದರೆ ನಂಬುತ್ತಿರಲಿಲ್ಲ.

ಸೋಮವಾರದ ಮಳೆಗೆ ಒಳದಾರಿಯ ಮೆಟ್ಟಿಲು ಕೊಚ್ಚಿಹೋಗಿದೆಯೇನೋ ನೋಡೋಣ ಎಂದು ಮಂಗಳವಾರ ಬೆಳಿಗ್ಗೆ ಶೆಡ್ಡಿನ ಹಿಂದಿನಿಂದಲೇ ಹೋಗಿದ್ದ. ಇಪ್ಪತ್ತೇಳನೇ ಕಂಬದ ಹತ್ತಿರ ಕೊರಕಲಿನಿಂದ ನರಳುವ ದನಿ ಕೇಳಿಸಿತು. ಇಳಿದು ನೋಡಿದರೆ ಮೇಷ್ಟ್ರು. ಕಾಲು ಕಟ್ಟುವಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು, ಹಳ್ಳ ಸೊಂಟದ ಮೇಲಕ್ಕೆ ಬಂತು. ದಾಟುವ ಹಾಗಿರಲಿಲ್ಲ. ಕೂಗಿದರೆ ಆ ನೀರಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

"ಬಿಟ್ಟುಹೋಗೋಕೆ ಮನಸ್ಸಾಗಲಿಲ್ಲ. ಮೈ ಕೆಂಡ ಆಗಿತ್ತು. ಚೀಲದಲ್ಲಿ ನಾಲ್ಕು ಬಿಸ್ಕತ್ತಿತ್ತು, ನೆನೆಸಿ ಕೊಟ್ಟೆ. ಬುಧವಾರ ಹುಡುಕೋರು ಹತ್ತಿರ ಬಂದ್ರು ಅಂತ ಗೊತ್ತಾಯ್ತು. ಸುತ್ತಿಗೆ ತಗೊಂಡು ಒಣಗಿದ ಮರಕ್ಕೆ ಹೊಡೆದೆ."

ಹುಡುಕಲು ಹೋದವರು ಹೇಳಿದ್ದೂ ಅದೇ. ಎಲ್ಲೋ ಟಕ್ ಟಕ್ ಎಂದು ಸದ್ದು ಬರುತ್ತಿತ್ತು, ಅದರ ಹಿಂದೆ ಹೋದೆವು, ಮೇಷ್ಟ್ರು ಸಿಕ್ಕಿದರು, ಸದ್ದು ಮಾಡಿದವರು ಸಿಗಲಿಲ್ಲ.

"ಅಡಗಿದ್ದು ಯಾಕೆ?" ಎಂದರು ಇನ್ಸ್‌ಪೆಕ್ಟರಮ್ಮ. ಕೇಳಿದ್ದು ಮೆಲ್ಲಗೇ. ಆದರೂ ಹಳೆಯ ಕೆಲಸದ ದನಿ ಅದರೊಳಗೆ ಇಣುಕಿತು. "ಒಳ್ಳೇ ಕೆಲಸ ಮಾಡಿದ್ರಿ. ಎದುರಿಗೆ ಬಂದಿದ್ರೆ ಹೊತ್ಕೊಂಡು ಕುಣೀತಿದ್ರು."

"ಎದುರಿಗೆ ಬಂದಿದ್ರೆ ಕೇಳ್ತಿದ್ರು. ಏನೇನು ನೋಡಿದೆ, ಏನೇನು ಸಿಕ್ತು ಅಂತ. ನನಗೆ ಸುಳ್ಳು ಹೇಳೋಕೆ ಬರಲ್ಲ ಅಮ್ಮಾ. ಬಾಯಿ ತೆರೆದ್ರೆ ನಿಜಾನೇ ಬೀಳುತ್ತೆ. ಅದಕ್ಕೇ ಮರದ ಹಿಂದೆ ನಿಂತೆ. ಅವರನ್ನ ಎತ್ತಿ ಮಲಗಿಸಿ ಹೊರಡೋವರೆಗೂ ನೋಡ್ತಾ ನಿಂತಿದ್ದೆ."

"ಏನು ಸಿಕ್ತು?"

ಬಡಗಿ ಅವರ ಮುಖವನ್ನೇ ನೋಡಿದ. ಪೊಲೀಸರ ಮುಂದೆ ಹೆದರಿ ಹಾಗೆ ನೋಡುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ಇವನ ಕಣ್ಣಲ್ಲಿದ್ದದ್ದು ಹೆದರಿಕೆಯಲ್ಲ, ಮರುಕ.

"ಆ ರಾತ್ರಿಯೆಲ್ಲ ಅವರು 'ಅಕ್ಕಾ, ಅಕ್ಕಾ' ಅಂತ ಕನವರಿಸ್ತಿದ್ರು. ಅಕ್ಕ ಒಬ್ಬರು ಇದ್ದಾರೆ ಅಂತ ಗೊತ್ತಾಯ್ತು. ಆ ತಾಯಿ ಎದೆ ಯಾಕೆ ಒಡೀಬೇಕು ಅಂದ್ಕೊಂಡೆ. ನೀವು ಇಲ್ಲಿಗೇ ಬರ್ತೀರಿ ಅಂತ ಗೊತ್ತಿರಲಿಲ್ಲ."

ಬಗ್ಗಿ, ಮೇಜಿನ ಕೆಳಗಿನ ಮರದ ತುಂಡುಗಳ ಹಿಂದಿನಿಂದ ಒಂದು ಹಸಿರು ಚೀಲ ಎಳೆದ. ತಮ್ಮನದು. ಹುಟ್ಟುಹಬ್ಬಕ್ಕೆಂದು ಕೊಡಿಸಿದ್ದು ಅವರೇ.

ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳಿದ್ದವು. ಬಡಗಿ ಒಂದೊಂದಾಗಿ ಸಾಲಾಗಿ ಜೋಡಿಸಿದ. ಹನ್ನೆರಡು. ಪ್ರತಿ ಮುಚ್ಚಳದಲ್ಲೂ ಸೂಜಿಯಿಂದ ಚುಚ್ಚಿದ ತೂತುಗಳು, ತಳದಲ್ಲಿ ಒದ್ದೆ ಪಾಚಿ.

"ಕಪ್ಪೆ ಇತ್ತು," ಎಂದ. "ಉಗುರಿನಷ್ಟು ಚಿಕ್ಕವು, ಕೆಂಪು ಹೊಟ್ಟೆದು. ಒಳಗಾಡು ಬಿಟ್ರೆ ಎಲ್ಲೂ ಸಿಗಲ್ವಂತೆ. ಹೊರಗೆ ಸಾಕೋ ಶೋಕಿಯವರು ಕದ್ದು ತರಿಸ್ಕೊಳ್ತಾರಂತೆ. ಹತ್ತರಲ್ಲಿ ಜೀವ ಇತ್ತು, ನೀರಿನ ಹತ್ತಿರ ಬಿಟ್ಟೆ. ಎರಡು ಸತ್ತಿದ್ವು."

"ಅವನಿಗೆ ಅನುಮತಿ ಇದೆಯಲ್ಲ!"

"ಎಣಿಸೋಕೆ ಮಾತ್ರ ಅಮ್ಮಾ. ಹಿಡಿಯೋ ಹಾಗಿಲ್ಲ. ಯಾರೂ ಹಿಡಿಯೋ ಹಾಗಿಲ್ಲ."

ಅಂಥದ್ದೇನೂ ಇಲ್ಲ, ಎಂದು ಇನ್ಸ್‌ಪೆಕ್ಟರಮ್ಮ ತಮಗೆ ತಾವೇ ಹೇಳಿಕೊಂಡರು. ಯಾರೋ ಇಟ್ಟಿರುತ್ತಾರೆ. ಬಿದ್ದವನ ಚೀಲಕ್ಕೆ ತುರುಕುವುದು ಎಷ್ಟು ಹೊತ್ತಿನ ಕೆಲಸ? ಇಂಥ ನೂರು ಕೇಸು ನೋಡಿದವರು ಅವರು.

ಆಮೇಲೆ ಡಬ್ಬಿಯೊಂದನ್ನು ಬೆಳಕಿಗೆ ಹಿಡಿದರು. ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ 'ಹೆಣ್ಣು' ಎಂದು ಬರೆದಿತ್ತು.

ಆ ಒತ್ತಕ್ಷರ ಮೇಲಿನ ಅಕ್ಷರಕ್ಕೆ ಕೂಡಿಕೊಂಡಿತ್ತು, ಪೆನ್ನು ಎತ್ತದೆ ಬರೆದ ಹಾಗೆ. ಅದು ತಪ್ಪು. ಸರ್ವಿಸಿನ ಉದ್ದಕ್ಕೂ ಗುಮಾಸ್ತರು ಕೇಸ್ ಡೈರಿಯಲ್ಲಿ ಅದನ್ನು ತೋರಿಸಿ ಇನ್ಸ್‌ಪೆಕ್ಟರಮ್ಮನನ್ನು ಚೇಷ್ಟೆ ಮಾಡಿದ್ದುಂಟು. ಅಮ್ಮ ತೀರಿಕೊಂಡ ವರ್ಷ, ಐದು ವರ್ಷದ ತಮ್ಮನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದವರು ಅವರೇ. ತಾವು ಮಾಡುತ್ತಿದ್ದ ತಪ್ಪನ್ನೇ ಅವನಿಗೂ ಕಲಿಸಿದ್ದರು. ಹಾಗೆ ಬರೆಯುವವರು ಅವರಿಗೆ ತಿಳಿದಂತೆ ಇಬ್ಬರೇ, ಅಕ್ಕ ಮತ್ತು ತಮ್ಮ.

ಡಬ್ಬಿ ಕೆಳಗಿಟ್ಟರು. ಸ್ಟೂಲು ಎಳೆದುಕೊಟ್ಟು, ಕುಡಿಯಲು ನೀರು ಕೊಟ್ಟದ್ದು ಬಡಗಿಯೇ. ಗುಟುಕು ಗುಟುಕಾಗಿ ಕುಡಿದರು.

ಈ ಮನುಷ್ಯ ತಮ್ಮನ ಜೀವ ಉಳಿಸಿ, ಅವನ ಮಾನವನ್ನೂ ಮರದ ತುಂಡುಗಳ ಹಿಂದೆ ಬಚ್ಚಿಟ್ಟಿದ್ದ. ಯಾರಿಗೂ ಹೇಳದೆ, ಏನೂ ಕೇಳದೆ.

"ನಿಮ್ಮ ಋಣ ನಾನು ಹೇಗೆ ತೀರಿಸಲಿ?" ಎಂದರು.

"ತೀರಿಸೋದೇನು ಬಂತು. ಅವರು ಗುಣವಾಗ್ಲಿ. ಆಮೇಲೆ ನೀವೇ ಕೂರಿಸ್ಕೊಂಡು ಕೇಳಿ. ನಿಮಗೆ ಹೇಳ್ತಾರೆ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ತಮ್ಮ.

"ಅಕ್ಕಾ, ಎಲ್ಲಿದೀಯ?" ಎಂದ. ದನಿ ಸಣ್ಣಗಿತ್ತು.

"ಇಲ್ಲೇ ಕಾಡಿನ ಹತ್ತಿರ ಕಣೋ. ನೋವು ಹೇಗಿದೆ?"

"ಇದೆ. ಅವರು ಸಿಕ್ಕಿದ್ರಾ?"

ಇನ್ಸ್‌ಪೆಕ್ಟರಮ್ಮ ಬಡಗಿಯನ್ನು ನೋಡಿದರು. ಅವನು ಸ್ಕ್ರೂವನ್ನು ಎತ್ತಿ, ಒರೆಸಿ, ಬಟ್ಟಲಿಗೆ ಹಾಕುತ್ತಿದ್ದ. ಈ ಮನುಷ್ಯನ ಹೆಸರು ತಮ್ಮ ಬಾಯಿಂದ ಹೊರಬೀಳಬಾರದು ಎಂದು ಅವರಿಗೆ ಅನ್ನಿಸಿತು. ಯಾಕೆಂದು ತಿಳಿಯುವ ಮೊದಲೇ ಮಾತು ಹೊರಟಿತ್ತು.

"ಇಲ್ಲಪ್ಪ. ಯಾರೂ ಸಿಗಲಿಲ್ಲ."

ಅವನಿಗೆ ಅವರು ಹೇಳಿದ ಮೊದಲ ಸುಳ್ಳು ಅದು.

ಆ ಕಡೆ ತಮ್ಮ ಅಳುತ್ತಿದ್ದಾನೆಂದು ಗೊತ್ತಾಯಿತು.

"ಸುಳ್ಳು ಹೇಳಬೇಡ ಅಕ್ಕ. ನೀನು ಬಡಗಿಯಣ್ಣನ ಶೆಡ್ಡಲ್ಲಿದೀಯ. ನನ್ನ ಚೀಲ ಬಿಚ್ಚಿದೀಯ. ಡಬ್ಬಿಗಳು ಮೇಜಿನ ಮೇಲಿವೆ."

ಇನ್ಸ್‌ಪೆಕ್ಟರಮ್ಮ ಎದ್ದು ನಿಂತರು. "ನಿನಗೆ ಯಾರು ಹೇಳಿದ್ರು?"

"ಕಪ್ಪೆ ತರಿಸ್ತಿದ್ದೋರು ಈಗಷ್ಟೇ ಫೋನ್ ಮಾಡಿದ್ರು. ಕಿಟಕಿಯಿಂದ ನೋಡ್ತಿದ್ದಾರೆ. ಅಕ್ಕಾ, ನನ್ನ ತಪ್ಪೆಲ್ಲ ಆಮೇಲೆ ಹೇಳ್ತೀನಿ, ಕಾಲಿಗೆ ಬೀಳ್ತೀನಿ. ಈಗ ಬಡಗಿಯಣ್ಣನನ್ನ ಕರ್ಕೊಂಡು ಅಲ್ಲಿಂದ ಹೊರಗೆ ಬಾ. ಒಂದು ಕ್ಷಣಾನೂ ಇರಬೇಡ. ಓಡು ಅಕ್ಕಾ!"

ಇನ್ಸ್‌ಪೆಕ್ಟರಮ್ಮ ತಿರುಗಿದರು. ತಂತಿಬಲೆಯ ಆಚೆ ಎಲೆಗಳು ಮಾತ್ರ ಅಲುಗುತ್ತಿದ್ದವು. ಅವರು ಬಡಗಿಯ ತೋಳು ಹಿಡಿದೆಳೆದು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿರಬಹುದು.

ಹೊರಗಿನಿಂದ ಯಾರೋ ಚಿಲಕ ಹಾಕಿದರು.